ಸೋಬಾನೆಯಲ್ಲಿ ಜಾರಿದ ಹೆಸರು

"ರೀ... ಯಾರ್ರೀ ನೀವು? ನಮ್ಮಜ್ಜಿ ಹಾಡನ್ನ ಕದೀತಾ ಇದೀರಾ?"

ಚಪ್ಪರದ ಹಿಂದೆ, ಬಾಳೆಕಂದಿನ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವನು ಬೆಚ್ಚಿಬಿದ್ದ. ತೊಡೆಯ ಮೇಲೊಂದು ಟೇಪ್‌ರೆಕಾರ್ಡರು, ಕೈಯಲ್ಲೊಂದು ಮೈಕು. ಒಳಗೆ ಮದುವಣಗಿತ್ತಿಗೆ ಅರಿಶಿನ ಹಚ್ಚುತ್ತಾ ಹೆಂಗಸರು ಸೋಬಾನೆ ಹಾಡುತ್ತಿದ್ದರು. ಅವನ ಮೈಕು ಕಿಟಕಿಯ ಸರಳಿನ ನಡುವೆ ಮೂತಿ ತೂರಿಸಿಕೊಂಡು ಕೇಳುತ್ತಿತ್ತು.

ಪವಿತ್ರ ಒಂದು ಕ್ಷಣವೂ ಯೋಚಿಸಲಿಲ್ಲ. ಅರಿಶಿನ ಮೆತ್ತಿದ್ದ ಬೆರಳಿನಿಂದಲೇ ಟೇಪಿನ ಗುಂಡಿಯನ್ನು ಟಪ್ ಎಂದು ಒತ್ತಿ ನಿಲ್ಲಿಸಿಬಿಟ್ಟಳು.

"ಕದೀತಾ ಇಲ್ಲ ಕಣ್ರೀ... ಕೇಳ್ತಾ ಇದ್ದೆ."

"ಕೇಳೋರು ಕಿವಿ ತಗೊಂಡ್ ಬತ್ತಾರೆ. ಮಿಷನ್ ತಗೊಂಡ್ ಬರಕಿಲ್ಲ!"

ಅವನಿಗೆ ನಗು ಬಂತು. ಕಳ್ಳತನದಲ್ಲಿ ಸಿಕ್ಕಿಬಿದ್ದವನು ನಗಬಾರದು, ಅದೂ ಅಷ್ಟು ಚೆನ್ನಾಗಿ ನಗಬಾರದು. ಪವಿತ್ರಳ ಎದೆಯಲ್ಲಿ ಏನೋ ಒಂದು ಅಲುಗಾಡಿತು. ಅದಕ್ಕೇ ಅವಳ ಕೋಪ ಇನ್ನೂ ಜಾಸ್ತಿಯಾಯಿತು.

"ನನ್ನೆಸ್ರು ಸುರೇಂದ್ರ. ಕೆ.ಆರ್. ಪೇಟೆಯವನು. ಹಾಡು ಬರೀತೀನಿ. ಪಾಂಡವಪುರದಲ್ಲಿ ಒಂದು ಲೈವ್ ಕ್ಯಾಸೆಟ್ ಮಾಡ್ತಾ ಇದೀವಿ... ಅಂದ್ರೆ ಜನರ ಮುಂದೇನೇ ಹಾಡಿ, ಅಲ್ಲೇ ರೆಕಾರ್ಡ್ ಮಾಡೋದು. ನಿಮ್ಮಜ್ಜಿ ಅದರಲ್ಲಿ ಹಾಡ್ಬೇಕು ಅಂತ ಕೇಳೋಕ್ ಬಂದೆ. ಒಳಗೆ ಎಲ್ಲಾ ಹೆಂಗಸ್ರು... ನಾಚಿಕೆ ಆಯ್ತು. ಇಲ್ಲೇ ಕೂತ್ಕೊಂಡೆ."

"ಕೇಳೋಕೆ ಮುಂಚೇನೇ ತುಂಬ್ಕೊಂಡ್ರಾ?"

ಅವನ ಮುಖ ಬಾಡಿತು. ಟೇಪಿನೊಳಗಿನ ಕ್ಯಾಸೆಟ್ಟನ್ನು ತೆಗೆದು ಅವಳ ಕೈಗಿಟ್ಟ. "ತಪ್ಪಾಯ್ತು. ಇದು ನಿಮ್ಮದೇ."

ಅಷ್ಟು ಸುಲಭವಾಗಿ ಸೋಲುವವನ ಜೊತೆ ಜಗಳವಾಡುವುದು ಹೇಗೆ ಹೇಳಿ!

* * *

ಅರಕೆರೆ ಸುತ್ತಮುತ್ತ ಸಿದ್ದಲಿಂಗಮ್ಮನ ಸೋಬಾನೆ ಇಲ್ಲದೆ ಒಂದು ಮದುವೆಯೂ ಆಗುತ್ತಿರಲಿಲ್ಲ. ಪವಿತ್ರ ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅಪ್ಪ ಮರಿಸ್ವಾಮಿ ಗದ್ದೆ, ಹಸು, ಡೈರಿ ಎಂದು ಓಡಾಡುವವನು. ಮಗುವನ್ನು ಬೆಳೆಸಿದ್ದು ಅಜ್ಜಿ, ಅಜ್ಜಿಯ ಜೊತೆ ಅವಳ ಹಾಡು. ಹಸಿವಾದರೆ ಒಂದು ಪದ, ಜ್ವರ ಬಂದರೆ ಒಂದು ಪದ. ಅಜ್ಜಿಯ ಹಾಡೆಂದರೆ ಪವಿತ್ರಳಿಗೆ ಅಮ್ಮನ ಸೆರಗಿದ್ದ ಹಾಗೆ. ಹೊರಗಿನವನೊಬ್ಬ ಬಂದು ಅದನ್ನು ಹಿಡಿದೆಳೆದರೆ ಸುಮ್ಮನಿರುತ್ತಾಳೆಯೇ?

ಆದರೆ ಸುದ್ದಿ ಕೇಳಿದ ಅಜ್ಜಿ ಮಾತ್ರ ಬಾಯಗಲಿಸಿ ನಕ್ಕಳು.

"ಕೇಳೋರು ಹುಡಿಕ್ಕೊಂಡು ಬಂದವ್ರೆ ಅಂದ್ರೆ ಅದು ಪುಣ್ಯ ಕಣಮ್ಮಿ! ನನ್ ತಾವ ಇರಾದು ಹಾಡೊಂದೇಯ. ನಾನ್ ಹೋದ್ರೆ ಅದೂ ಹೋಯ್ತದೆ. ಬಾರಪ್ಪ ಮಗ, ಕೂತ್ಕೊ. ಊಟ ಮಾಡ್ದಾ?"

ಸುರೇಂದ್ರ ಎಲೆಯ ಮುಂದೆ ಕೂತು, ತಲೆ ಬಗ್ಗಿಸಿ ಉಂಡ. ಅನ್ನ ಬಡಿಸಿದವಳು ಪವಿತ್ರ. ಬೇಕೆಂದೇ ಸಾರು ಕಡಿಮೆ ಹಾಕಿದಳು. ಅವನು ಅದಕ್ಕೂ ನಕ್ಕ.

"ಆದ್ರೆ ಒಂದ್ ಮಾತು ಮಗ," ಎಂದಳು ಅಜ್ಜಿ. "ಸೋಬಾನೇಲಿ ಹೆಸ್ರಿನ ಜಾಗ ಅಂತ ಇರ್ತದೆ. ಮೊದ್ಲು ಹಾಡೋ ಮುಂದಾಳು ಗಂಡಿನ ಹೆಸ್ರು ಹಾಕ್ಬೇಕು, ಹಿಂದೆ ದನಿಗೂಡ್ಸೋ ಹಿಂದಾಳು ಹೆಣ್ಣಿನ ಹೆಸ್ರು ಹಾಕ್ಬೇಕು. ಆ ಜಾಗಾನ ಯಾವತ್ತೂ ಬರಿದು ಬುಡಬಾರ್ದು. ಬರಿದು ಬುಟ್ರೆ ಹಸೆ ಬರಿದಾಯ್ತದೆ ಅಂತ ನಮ್ಮವ್ವ ಹೇಳೋಳು. ನಿನ್ ಸ್ಟೇಜ್ ಮ್ಯಾಲೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಯಾರ್ ಹೆಸ್ರು ಹಾಕ್ಲಿ?"

ಕೊನೆಗೆ ಅಜ್ಜಿಯೇ ದಾರಿ ಕಂಡುಹಿಡಿದಳು. ತೊಣ್ಣೂರಿನ ನಾರಾಯಣ ಸ್ವಾಮಿ ಹೆಸರು ಗಂಡಿಗೆ, ಲಕ್ಷ್ಮಮ್ಮನ ಹೆಸರು ಹೆಣ್ಣಿಗೆ. ದೇವರ ಮದುವೆ ಮಾಡಿಸಿದರೆ ಯಾರ ಮನೆಯ ಗಂಟೇನು ಹೋಗುತ್ತದೆ?

ಎಲ್ಲರೂ ಒಪ್ಪಿದರು. ಪವಿತ್ರಳೂ ಒಪ್ಪಿದಳು. ಅಜ್ಜಿ ಒಬ್ಬಳನ್ನೇ ಕಳಿಸಲಾಗುವುದಿಲ್ಲವಲ್ಲ ಎಂದು ಹಿಂದಾಳಿನ ಗುಂಪಿನಲ್ಲಿ ತಾನೂ ಸೇರಿಕೊಂಡಳು. ಅಜ್ಜಿಗೋಸ್ಕರವೇ ಅಂತ ಅವಳೂ ನಂಬಿದ್ದಳು, ಪಾಪ.

* * *

ಅಭ್ಯಾಸ ನಡೆದದ್ದು ಪಾಂಡವಪುರದ ಒಂದು ಖಾಲಿ ಅಕ್ಕಿ ಗಿರಣಿಯಲ್ಲಿ. ಭಾನುವಾರ ಬಂದರೆ ಅಜ್ಜಿ, ಪವಿತ್ರ, ಪಕ್ಕದ ಮನೆಯ ಬೆಟ್ಟಮ್ಮ, ಇನ್ನಿಬ್ಬರು ಹೆಂಗಸರು ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಪಾಂಡವಪುರಕ್ಕೆ. ಅಲ್ಲಿ ನೋಡಿದರೆ ಒಂದು ಸಂತೆಯೇ ಸೇರುತ್ತಿತ್ತು. ಮೈಸೂರಿನಿಂದ ಬಂದ ಡ್ರಮ್ಮಿನವನು, ಕೀಬೋರ್ಡ್ ನುಡಿಸುತ್ತಾ ರೆಕಾರ್ಡಿಂಗನ್ನೂ ನೋಡಿಕೊಳ್ಳುವ ಮಂಜುನಾಥ, ಮೇಲುಕೋಟೆ ಕಡೆಯ ನಾದಸ್ವರದ ಚಲುವಯ್ಯ, ತಮಟೆಯ ಕೆಂಪಣ್ಣ. ಇವರ ಮಧ್ಯೆ ಗಿಟಾರ್ ಹಿಡಿದ ಸುರೇಂದ್ರ.

ಅವನ ಮೊದಲ ಕ್ಯಾಸೆಟ್ಟು ಸೋತುಹೋಗಿತ್ತು. ಬೆಂಗಳೂರಿನ ಗಾಜಿನ ಕೋಣೆಯೊಳಗೆ ಹಾಡಿಸಿದ್ದನಂತೆ. "ಹಾಡು ಉಸಿರು ಕಟ್ಕೊಂಡು ಸತ್ತೋಯ್ತು ಕಣ್ರೀ," ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಈ ಸಲದ್ದು ಜನರ ಮಧ್ಯೆ. ಒಂದೇ ಏಟಿಗೆ. ಹೆಸರು 'ನಾಲೆ ನೀರು'.

ಮೊದಲ ದಿನವೇ ಮಂಜುನಾಥ ತಲೆ ಕೆರೆದುಕೊಂಡ. "ಅಜ್ಜಿ ಶ್ರುತಿ ಒಂದೊಂದ್ ಸಲ ಒಂದೊಂದ್ ಕಡೆ ಹೋಗುತ್ತಲ್ಲೋ ಸುರೇಂದ್ರ! ಕೀಬೋರ್ಡಿಗೆ ಸರಿಯಾಗಿ ಹಾಡೋಕ್ ಹೇಳು."

"ಅವ್ರ್ಯಾಕ್ ನಮ್ಮ ಹಿಂದೆ ಬರ್ಬೇಕ್ಲಾ? ನಾವೇ ಅವ್ರ ಹಿಂದೆ ಹೋಗಾಣ ಬುಡು."

ಹಾಗೆಂದವನು ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತು, ಅವಳ ಬಾಯನ್ನೇ ನೋಡುತ್ತಾ ಗಿಟಾರಿನ ಕಿವಿ ತಿರುಚತೊಡಗಿದ. ಅಜ್ಜಿಗೆ ಗಂಟಲು ಕೆರೆತ ಎಂದು ತಿಳಿದ ಮೇಲೆ, ಪ್ರತಿ ಭಾನುವಾರ ಫ್ಲಾಸ್ಕಿನಲ್ಲಿ ಮೆಣಸಿನ ಬಿಸಿನೀರು ತರುತ್ತಿದ್ದ.

ಪವಿತ್ರ ಅದನ್ನೆಲ್ಲ ದೂರದಿಂದ ನೋಡಿದಳು. ಟೇಪ್‌ರೆಕಾರ್ಡರಿನ ಗುಂಡಿಯ ಮೇಲೆ ತನ್ನ ಬೆರಳಿನ ಅರಿಶಿನ ಇನ್ನೂ ಹಾಗೇ ಇದ್ದದ್ದನ್ನೂ ನೋಡಿದಳು.

'ಒರೆಸಿಲ್ಲ... ಯಾಕೆ ಒರೆಸಿಲ್ಲ?'

ಕೇಳಲಿಲ್ಲ. ಕೇಳಿದ್ದು ಬೇರೆ. "ಹಾಡು ಬರೀತೀರ, ಬಾರಿಸ್ತೀರ... ನೀವ್ಯಾಕೆ ಹಾಡಲ್ಲ?"

"ಕಾಲೇಜಲ್ಲಿ ಒಂದ್ ಸಲ ಹಾಡಿದ್ದೆ. ಹಾಲ್‌ನಲ್ಲಿ ಇದ್ದೋರೆಲ್ಲ ನಕ್ಬುಟ್ರು. ಅವತ್ತಿಂದ ಮೈಕ್ ಮುಂದೆ ಬಾಯಿ ತೆಗೆದಿಲ್ಲ." ಅವನು ನಗುತ್ತಲೇ ಹೇಳಿದ, ಆದರೆ ಕಣ್ಣು ನಗಲಿಲ್ಲ. "ನನ್ ಮಾತನ್ನ ಬೇರೆಯೋರ ಬಾಯಿಂದ ಕೇಳೋದೇ ನನಗೆ ಸುಖ."

ಆ ದಿನ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಾಚೆ ನಾಲೆ ತುಂಬಿ ಹರಿಯುತ್ತಿತ್ತು. ಅಜ್ಜಿ ಅವಳ ಹೆಗಲಿಗೊರಗಿ ನಿದ್ದೆ ಹೋಗಿದ್ದಳು. ಪವಿತ್ರಳಿಗೆ ಕಾರಣವೇ ಇಲ್ಲದೆ ಕಣ್ಣು ತುಂಬಿ ಬಂತು. ಅಜ್ಜಿಯನ್ನು ತನ್ನಷ್ಟೇ ಜೋಪಾನ ಮಾಡುವ ಇನ್ನೊಂದು ಜೀವ ಈ ಭೂಮಿಯ ಮೇಲಿದೆ... ಅಷ್ಟು ಸಾಕಾಗಿತ್ತು ಅವಳಿಗೆ.

ಅದೇ ವಾರ ಅಪ್ಪ ಹೇಳಿದ. "ನಾಗಮಂಗಲದಲ್ಲಿ ಒಂದ್ ಗಂಡು ಐತೆ ಕಣವ್ವ. ಲೋಕೇಶ ಅಂತ. ಸೈಕಲ್ ಶಾಪ್ ಮಡಗವ್ನೆ, ಒಳ್ಳೆ ಹುಡುಗ. ಈ ಪ್ರೋಗ್ರಾಮ್ ಮುಗೀಲಿ, ನೋಡೋಕ್ ಬತ್ತಾರೆ."

ಪವಿತ್ರ ಹಸುವಿಗೆ ಹುಲ್ಲು ಹಾಕಲು ಎದ್ದು ಹೋದಳು. ಈಗಷ್ಟೇ ಹಾಕಿದ್ದ ಹುಲ್ಲಿನ ಮೇಲೆ ಮತ್ತೆ ಹುಲ್ಲು ಬಿತ್ತು.

* * *

ತೊಂಬತ್ತಾರನೇ ಇಸವಿ, ಯುಗಾದಿ ಕಳೆದ ಎರಡನೇ ಶನಿವಾರದ ಸಂಜೆ. ಪಾಂಡವಪುರದ ಆಟದ ಬಯಲಿನಲ್ಲಿ ಜನವೋ ಜನ! ಕಬ್ಬಿನ ಗಾಡಿ ನಿಲ್ಲಿಸಿ ಇಳಿದು ಬಂದವರು, ಸೈಕಲ್ಲಿನ ಮೇಲೆ ನಿಂತವರು, ಕಾಂಪೌಂಡ್ ಹತ್ತಿ ಕೂತವರು. ಸುರೇಂದ್ರ ಬರೆದ ಹಾಡುಗಳಿಗೆ ಹುಡುಗರು ಕುಣಿದರು. ಕೆಂಪಣ್ಣನ ತಮಟೆಗೆ ಮುದುಕರೂ ಕುಣಿದರು.

ಆಮೇಲೆ ಅಜ್ಜಿಯ ಸರದಿ. ಸಿದ್ದಲಿಂಗಮ್ಮ ಮೈಕಿಗೊಂದು ನಮಸ್ಕಾರ ಮಾಡಿ ಶುರುಮಾಡಿದಳು.

'ಕಾವೇರಿ ನೀರ ಕಳಸಾಕೆ ತುಂಬೀವಿ
ಏಳಯ್ಯ ಹಸೆಗೆ...'

ಅಲ್ಲಿಗೆ ಅಜ್ಜಿಯ ಗಂಟಲು ಕಟ್ಟಿತು!

ಕೆಮ್ಮು. ಒಂದರ ಹಿಂದೊಂದು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪವಿತ್ರಳ ತೋಳು ಹಿಡಿದಳು. ಕಣ್ಣಿನಲ್ಲಿ ಒಂದೇ ಮಾತು... ಬರಿದು ಬುಡಬ್ಯಾಡ!

ತಮಟೆ ನಿಲ್ಲಲಿಲ್ಲ. ಮಂಜುನಾಥನ ರೆಕಾರ್ಡರು ನಿಲ್ಲಲಿಲ್ಲ. ಹೆಸರಿನ ಜಾಗ ಬಂದೇಬಿಟ್ಟಿತು. ಪವಿತ್ರ ಬಾಯಿ ತೆರೆದಳು. ಎಷ್ಟು ಮದುವೆಗಳಲ್ಲಿ ಹಾಡಿದ್ದಳೋ! ಎದುರಿಗಿರುವ ಮುಖ ನೋಡಿ ಹೆಸರು ಹಾಕಿದ್ದೇ ಅಭ್ಯಾಸ. ಎದುರಿಗೆ ನೋಡಿದಳು. ಅಲ್ಲಿ ಗಿಟಾರ್ ಹಿಡಿದು, ಗಾಬರಿಯಿಂದ ಅವಳನ್ನೇ ನೋಡುತ್ತಾ ನಿಂತಿದ್ದ ಒಂದು ಮುಖ.

'...ಸುರೇಂದ್ರರಾಯ... ಸೋಬಾನೆ!'

ನಾರಾಯಣ ಸ್ವಾಮಿ ತೊಣ್ಣೂರಿನಲ್ಲೇ ಉಳಿದುಬಿಟ್ಟ.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಆಗುತ್ತಿತ್ತು. ಹಿಂದಾಳಿನಲ್ಲಿ ಬೆಟ್ಟಮ್ಮ ಇದ್ದಳಲ್ಲ! ಮುಂದಾಳು ಯಾವ ಗಂಡನ್ನು ಹಸೆಗೆ ಕರೆದರೆ ಅವನಿಗೆ ತಕ್ಕ ಹೆಣ್ಣನ್ನು ಕರೆಯುವುದು ಅವಳ ಕೆಲಸ. ಭಾನುವಾರಗಳಲ್ಲಿ ಕಣ್ಣು ಮುಚ್ಚಿಕೊಂಡೇನೂ ಕೂತಿರಲಿಲ್ಲ ಅವಳು.

'ಮಲ್ಲಿಗೆ ಮೊಗ್ಗ ಮುಡಿಗೆಲ್ಲ ಏರ್ಸೀವಿ
ಬಾರವ್ವ ಹಸೆಗೆ ಪವಿತ್ರದೇವಿ... ಸೋಬಾನೆ!'

ಬಯಲಿಗೆ ಬಯಲೇ ಸಿಳ್ಳೆ ಹೊಡೆಯಿತು. ಪವಿತ್ರ ಹೇಗೋ ಹಾಡು ಮುಗಿಸಿದಳು. ಮುಗಿದದ್ದೇ ತಡ, ಸ್ಟೇಜಿನ ಹಿಂದಕ್ಕೆ ಓಡಿ, ಕಂಬ ಹಿಡಿದುಕೊಂಡು ನಿಂತಳು.

"ಪವಿತ್ರಾ ಅವ್ರೇ..."

ಸುರೇಂದ್ರ! ಅವಳು ತಿರುಗಲಿಲ್ಲ.

"ಅದನ್ನ ಅಳಿಸ್ಬುಡಿ," ಎಂದಳು. ದನಿ ಅಳುತ್ತಿತ್ತು. "ಕ್ಯಾಸೆಟ್ಟಲ್ಲಿ ಬರೋದ್ ಬೇಡ. ನಿಮ್ಗೆ ಕೈ ಮುಗೀತೀನಿ. ನಮ್ಮಪ್ಪ ನಾಗಮಂಗಲದಲ್ಲಿ ಗಂಡು ನೋಡವ್ರೆ... ಊರೋರೆಲ್ಲ ಆಡ್ಕೋತಾರೆ..."



ತಿರುಗಿ ನೋಡಬಾರದಿತ್ತೇ ಆ ಹುಡುಗಿ? ಹತ್ತು ಜನ್ಮದ ಸಂತೋಷ ಹೊತ್ತು ಓಡಿಬಂದಿದ್ದ ಮುಖವೊಂದು ದೀಪ ಆರಿದಂತೆ ಆರುತ್ತಿತ್ತು. ಅವಳಿಗೆ ಕೇಳಿಸಿದ್ದು ಒಂದೇ ಒಂದು ಮಾತು.

"ಆಯ್ತು. ಅಳಿಸ್ತೀನಿ."

ಅವನು ಹೊರಟುಹೋದ. ಪವಿತ್ರ ಕಂಬಕ್ಕೆ ಹಣೆ ಒತ್ತಿದಳು. 'ಯಾಕೆ ಅಂತ ಒಂದ್ ಮಾತೂ ಕೇಳಲಿಲ್ಲ... ಅಳಿಸೋದು ಅಷ್ಟು ಸುಲಭವಾ ಅವ್ರಿಗೆ?'

* * *

ಆಮೇಲೆ ಸುರೇಂದ್ರ ಅರಕೆರೆ ಕಡೆ ತಲೆ ಹಾಕಲಿಲ್ಲ.

ಅಜ್ಜಿಯ ಕೆಮ್ಮು ಹೋಯಿತು, ಜೊತೆಗೆ ಹಾಡೂ ಹೋಯಿತು. ಮಂಡ್ಯದ ಡಾಕ್ಟರು ನೋಡಿ, ಇನ್ನು ಗಂಟಲಿಗೆ ಆಯಾಸ ಕೊಡಬಾರದು ಎಂದರು. ಮಾತಾಡಿದರೆ ಗಾಳಿ ಬೀಸಿದಂತೆ ಬರಿಯ ಪಿಸುದನಿ. ಮದುವೆಮನೆಗಳಲ್ಲಿ ಈಗ ಮುಂದಾಳು ಪವಿತ್ರಳೇ. ಯಾರ ಯಾರದೋ ಹೆಸರು ಹಾಕಿ ಹಾಡುವಳು. ಪ್ರತಿ ಸಲವೂ ಆ ಜಾಗ ಬಂದಾಗ ಎದೆ ಝಲ್ಲೆನ್ನುವುದು.

ನಾಗಮಂಗಲದವರು ಬರುವ ದಿನ ಗೊತ್ತಾದಾಗ ಅವಳು ಅಪ್ಪನ ಮುಂದೆ ನಿಂತಳು.

"ಅಪ್ಪಾ... ಅವ್ರಿಗೆ ಬೇಡ ಅಂತ ಹೇಳ್ಬುಡಿ."

ಮರಿಸ್ವಾಮಿ ಹಾಲಿನ ಕ್ಯಾನು ಕೆಳಗಿಟ್ಟ. "ಯಾಕವ್ವ? ಹುಡುಗ ಚೆಂದಾಗವ್ನೆ."

"ಚೆಂದಾಗವ್ರೆ ಅಪ್ಪಾ. ಆದ್ರೆ... ನನ್ ಬಾಯಿಗೆ ಆ ಹೆಸ್ರು ಬರಕಿಲ್ಲ."

ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದಳು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಅವತ್ತು ಆ ಬಯಲಲ್ಲಿ ನಾನೂ ಇದ್ದೆ ಕಣವ್ವ. ಕಾಂಪೌಂಡ್ ತಾವ. ನೀನ್ ಆ ಹೆಸ್ರು ಹಾಡಿದ್ ನೋಡಿ... ನಿಮ್ಮವ್ವನೇ ಗ್ಯಾಪಕ ಬಂದ್ಲು." ಅವನು ಕ್ಯಾನು ಎತ್ತಿಕೊಂಡ. "ನಾಗಮಂಗಲದೋರಿಗೆ ಮಾತೇನ್ ಕೊಟ್ಟಿರ್ನಿಲ್ಲ. ನಾನ್ ಹೇಳ್ತೀನಿ ಬುಡು. ಆದ್ರೆ ಆ ಹುಡುಗ ಇತ್ಲಾಗ್ ಮುಖಾನೇ ಆಕ್ನಿಲ್ವಲ್ಲವ್ವ?"

ಅದೇ ಪ್ರಶ್ನೆ ಪವಿತ್ರಳನ್ನು ತಿನ್ನುತ್ತಿತ್ತು.

* * *

ಆಷಾಢ ಕಳೆದ ಮೇಲೆ ಒಂದು ಮಧ್ಯಾಹ್ನ ಮಂಜುನಾಥ ಸ್ಕೂಟರಿನಲ್ಲಿ ಬಂದ. ಕೈಯಲ್ಲಿ 'ನಾಲೆ ನೀರು' ಕ್ಯಾಸೆಟ್ಟು. ಬರುವ ಭಾನುವಾರ ಶ್ರೀರಂಗಪಟ್ಟಣದಲ್ಲಿ ಬಿಡುಗಡೆ, ಎಲ್ಲರೂ ಬರಲೇಬೇಕು ಎಂದ.

ಅಕ್ಕಪಕ್ಕದವರೆಲ್ಲ ಜಗಲಿಗೆ ಬಂದು ಸೇರಿದರು. ಟೇಪು ತಿರುಗಿತು. ಜನರ ಗದ್ದಲ, ಸಿಳ್ಳೆ, ಆಮೇಲೆ... ಅಜ್ಜಿಯ ದನಿ! ತುಂಬಿದ, ಗಟ್ಟಿಯಾದ, ಈಗ ಇಲ್ಲದ ಆ ದನಿ.

ಸಿದ್ದಲಿಂಗಮ್ಮ ಟೇಪ್‌ರೆಕಾರ್ಡರನ್ನು ಮುಟ್ಟಿದಳು, ಮೊಮ್ಮಗುವಿನ ತಲೆ ಸವರುವ ಹಾಗೆ.

"ಸತ್ ಮ್ಯಾಲೂ ಹಾಡ್ತೀನಲ್ಲಾ ಕೂಸೇ..." ಪಿಸುದನಿಯಲ್ಲಿ ಹೇಳಿದಳು. "ಆ ಮಗ ತಣ್ಣಗಿರ್ಲಿ. ಅವನ ಹೊಟ್ಟೆ ತಣ್ಣಗಿರ್ಲಿ."

ಮರಿಸ್ವಾಮಿ ಕಂಬದ ಕಡೆ ಮುಖ ತಿರುಗಿಸಿಕೊಂಡ. ಪವಿತ್ರ ಮನಸ್ಸಿನಲ್ಲೇ ಕೈ ಮುಗಿದಳು. ಈ ಒಂದು ಉಪಕಾರಕ್ಕೆ ಯಾವ ಮಾತು ಸಾಲುತ್ತದೆ?

ಹೆಸರಿನ ಜಾಗ ಬಂತು. ಅವಳು ಉಸಿರು ಬಿಗಿಹಿಡಿದಳು.

'ಏಳಯ್ಯ ಹಸೆಗೆ...' ಆಮೇಲೆ ಹೆಸರಿಲ್ಲ. ಬರಿಯ ಗಿಟಾರ್.

ಅಳಿಸಿಬಿಟ್ಟಿದ್ದ. ಹೇಳಿದ ಹಾಗೇ. ಅಳಿಸಿ ಎಂದವಳೂ ಅವಳೇ, ಈಗ ಅಳುವವಳೂ ಅವಳೇ! ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಹೇಳಿದ್ದಾರೆಯೇ? ಒಳಗೆ ಹೋಗಲು ಎದ್ದಳು.

"ಕೂತ್ಕೊಳಮ್ಮಿ!" ಅಜ್ಜಿ ಅವಳ ಸೆರಗು ಹಿಡಿದಳು. "ಕಿವಿ ಕೊಟ್ಟು ಕೇಳು. ಇನ್ನೊಂದ್ ಕಿತ ಆಕಪ್ಪ ಮಂಜುನಾಥ."

ಮಂಜುನಾಥ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಅಜ್ಜಿ ಗಿಟಾರಿನ ಒಂದೊಂದು ಮೀಟಿಗೂ ಬೆರಳು ಮಡಚಿದಳು.

"ಸು... ರೇಂ... ದ್ರ... ರಾ... ಯ. ನೀನ್ ಎಂಗ್ ಎಳೆದು ಹಾಡಿದ್ಯೋ ಅಂಗೇ ಎಳೆದವ್ನೆ. ಬಾಯಿಂದ ಹೆಸ್ರು ತೆಗೆದವ್ನೆ, ತಂತೀಲಿ ಮಡಗವ್ನೆ. ಮುಂದಿಂದೂ ಕೇಳು... ಪ... ವಿ... ತ್ರ... ದೇ... ವಿ. ಬರಿದು ಬುಟ್ಟಿಲ್ಲ ಕಣೇ ಉಚ್ಮುಂಡೇದೇ!"

ಬೆಟ್ಟಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕಿಸಕ್ಕನೆ ನಕ್ಕಳು.

"ದೇವರ ಹೆಸರು ಹಾಡಿಸಿ ಸೇರಿಸ್ಬುಡೋಣ ಅಂತ ನಾನೇ ಹೇಳಿದ್ದೆ," ಎಂದ ಮಂಜುನಾಥ. "ಒಪ್ಪಲಿಲ್ಲ. ಆ ಜಾಗಕ್ಕೆ ಬೇರೆ ಹೆಸರು ಹಾಕೋಕಾಗಲ್ಲ ಅಂದ. ಒಂದಿನ ಪೂರ್ತಿ ಕೂತು ಅದೊಂದನ್ನೇ ನುಡಿಸಿದ. ಇವತ್ತೂ ಅವನೇ ಬರಬೇಕಿತ್ತು. 'ಅವ್ರ ಮನೇಲಿ ಮದುವೆ ಓಡಾಟ ಇರುತ್ತೆ, ನಾನು ಹೋದ್ರೆ ಅವ್ರಿಗೆ ಮುಜುಗರ' ಅಂದ್ಬಿಟ್ಟ."

"ಮದುವೆ? ಯಾರ ಮದುವೆ?"

"ನಿಮ್ದೇ... ನಾಗಮಂಗಲದ್ದು?"

ಅಯ್ಯೋ! ನೋಡಿದ ಗಂಡನ್ನು ನಿಶ್ಚಯವಾದ ಗಂಡು ಎಂದುಕೊಂಡು ಇಷ್ಟು ದಿನ ಅವನೂ ಒಳಗೊಳಗೇ ಬೆಂದಿದ್ದಾನೆ! ಪವಿತ್ರಳಿಗೆ ನಗುವೂ ಬಂತು, ಅಳುವೂ ಬಂತು. ಅವ್ರಿಗೆ ಬೇಡ ಅಂತ ಹೇಳಾಯ್ತು ಕಣಪ್ಪ ಎಂದ ಮರಿಸ್ವಾಮಿ.

"ಆ ಮದುವೆ ಇಲ್ಲ ಅಂತ ನಾನೇ ಹೇಳ್ತೀನಿ ಬಿಡಿ ಅವನಿಗೆ," ಎಂದ ಮಂಜುನಾಥ ಉತ್ಸಾಹದಿಂದ.

"ಬೇಡ," ಎಂದಳು ಪವಿತ್ರ, ಕಣ್ಣೊರೆಸಿಕೊಂಡು. "ನೀವೇನೂ ಹೇಳ್ಬೇಡಿ. ಜನದ ಮುಂದೆ ಬಾಯಿ ತಪ್ಪಿ ಹೇಳ್ದೋಳು ನಾನು. ಜನದ ಮುಂದೇನೇ ಬಾಯಿ ತುಂಬ ಹೇಳ್ತೀನಿ."

* * *

ಶ್ರೀರಂಗಪಟ್ಟಣದ ಕಲ್ಯಾಣ ಮಂಟಪ ಭರ್ತಿಯಾಗಿತ್ತು. ಸುರೇಂದ್ರ ಹಾಡಿದವರನ್ನು, ನುಡಿಸಿದವರನ್ನು ಒಬ್ಬೊಬ್ಬರನ್ನೇ ಕರೆದು ಶಾಲು ಹೊದೆಸಿ, ಎಲೆ ಅಡಿಕೆ ಹಣ್ಣು ಕೊಟ್ಟ. ಕೆಂಪಣ್ಣನನ್ನು ತಬ್ಬಿಕೊಂಡ. ಚಲುವಯ್ಯನ ನಾದಸ್ವರಕ್ಕೂ ಒಂದು ಹಾರ ಹಾಕಿದ. ಸಿದ್ದಲಿಂಗಮ್ಮನ ಮುಂದೆ ಬಂದಾಗ ಕಾಲಿಗೆ ಬಿದ್ದ.

"ಅಜ್ಜೀ, ನನ್ ಹಾಡಿಗೆ ಉಸಿರು ಬಂದಿದ್ದು ನಿಮ್ಮಿಂದ."

ಅಜ್ಜಿ ಅವನ ತಲೆ ಮೇಲೆ ಕೈಯಿಟ್ಟಳು. "ನನ್ ಉಸುರು ಉಳಿಸ್ದೋನು ನೀನು ಕಣ್ಲಾ ಮಗ."

ಪಕ್ಕದಲ್ಲೇ ನಿಂತಿದ್ದ ಪವಿತ್ರಳಿಗೆ ಶಾಲು ಕೊಡುವಾಗ ಅವನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಎಷ್ಟು ಸೊರಗಿದ್ದಾನೆ!

ಕೊನೆಗೆ ಸೋಬಾನೆ. ಮುಂದಾಳು ಪವಿತ್ರ. ಹೆಸರಿನ ಜಾಗದಲ್ಲಿ ಕ್ಯಾಸೆಟ್ಟಿನಲ್ಲಿರುವಂತೆ ಗಿಟಾರ್ ಎಂದು ಮೊದಲೇ ಮಾತಾಗಿತ್ತು.

'ಕಾವೇರಿ ನೀರ ಕಳಸಾಕೆ ತುಂಬೀವಿ
ಏಳಯ್ಯ ಹಸೆಗೆ...'

ಸುರೇಂದ್ರನ ಬೆರಳು ತಂತಿಗೆ ತಾಗುವ ಮುಂಚೆ ಪವಿತ್ರ ಅವನ ಕಡೆ ತಿರುಗಿದಳು. ಕೆಮ್ಮಿರಲಿಲ್ಲ, ಗಾಬರಿಯಿರಲಿಲ್ಲ. ನೇರವಾಗಿ ಕಣ್ಣಿಗೆ ಕಣ್ಣಿಟ್ಟು ಹಾಡಿದಳು.

'...ಸುರೇಂದ್ರರಾಯ... ಸೋಬಾನೆ!'

ಗಿಟಾರ್ ನಿಂತುಹೋಯಿತು. ಮಂಟಪದಲ್ಲಿ ಗುಜುಗುಜು ಎದ್ದಿತು. ಮೊದಲ ಸಾಲಿನಲ್ಲಿ ಮರಿಸ್ವಾಮಿ ಕೈಕಟ್ಟಿ ಕೂತಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ.

'ಮಲ್ಲಿಗೆ ಮೊಗ್ಗ ಮುಡಿಗೆಲ್ಲ ಏರ್ಸೀವಿ
ಬಾರವ್ವ ಹಸೆಗೆ...'

ಅಷ್ಟು ಹಾಡಿ ಬೆಟ್ಟಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಸುಮ್ಮನಾದಳು. ಉಳಿದ ಹೆಂಗಸರೂ ಸುಮ್ಮನಾದರು. ಬೇಕೆಂದೇ! ಕೆಂಪಣ್ಣನ ತಮಟೆಯೊಂದೇ ಸುತ್ತು ಹಾಕುತ್ತಿತ್ತು. ಹೆಸರಿನ ಜಾಗ ಖಾಲಿ ನಿಂತಿತ್ತು.

'ಇವ್ರಿಗೆ ಬೇಡವಾ? ನಾನೇ ತಪ್ಪು ತಿಳ್ಕೊಂಡ್ನಾ?'

"ಬರಿದು ಬುಡಬ್ಯಾಡ ಮಗಾ!" ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು.

ಸುರೇಂದ್ರ ಬೆವೆತುಹೋದ. ಮೈಕಿನ ಹತ್ತಿರ ಬಂದ. ನಿಂತ. ಕಾಲೇಜಿನ ದಿನದಿಂದ ಮೈಕಿನ ಮುಂದೆ ತೆರೆಯದ ಬಾಯಿ ತೆರೆಯಿತು.

'...ಪ...ವಿತ್ರ...ದೇವಿ... ಸೋಬಾನೆ...'

ಶ್ರುತಿ ಎಲ್ಲಿಗೋ ಹೋಯಿತು, ತಾಳ ಇನ್ನೆಲ್ಲಿಗೋ. ದನಿ ಮಧ್ಯದಲ್ಲಿ ಒಡೆದೇಹೋಯಿತು. ಯಾರಾದರೂ ನಕ್ಕರೇ? ಇಲ್ಲ. ಮಂಟಪ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚಲುವಯ್ಯ ತಡೆಯಲಾರದೆ ಗಟ್ಟಿಮೇಳದ ಹಾಗೆ ನಾದಸ್ವರ ಊದಿಯೇಬಿಟ್ಟ.

* * *

ಬಿಸಿಲು ಇಳಿಯುತ್ತಿತ್ತು. ಮಂಟಪದ ಜಗಲಿಯ ಕೊನೆಯಲ್ಲಿ ಇಬ್ಬರೂ ನಿಂತಿದ್ದರು, ನಡುವೆ ಒಂದು ಕಂಬ ಬಿಟ್ಟುಕೊಂಡು.

"ನಾಗಮಂಗಲ...?"

"ಆ ಊರಲ್ಲಿ ನಾನ್ ಯಾರ ಹೆಸ್ರನ್ನೂ ಹಾಡಿಲ್ಲ."

ಅವನು ನಕ್ಕ. ಬಾಳೆಕಂದಿನ ಹಿಂದೆ ಸಿಕ್ಕಿಬಿದ್ದ ದಿನದ ಅದೇ ನಗು. ಆಮೇಲೆ ಮೆಲ್ಲಗೆ ಕೇಳಿದ.

"ಪವಿತ್ರ... ಅಜ್ಜಿ ದನಿ ಉಳಿಸ್ದೆ ಅಂತ, ಆ ಋಣಕ್ಕೆ ಏನಾದ್ರೂ..."

"ಋಣಕ್ಕಾಗಿದ್ರೆ ಹಾಲು, ಬೆಣ್ಣೆ ತಂದ್ಕೊಡ್ತಿದ್ದೆ. ಹೆಸ್ರು ಹಾಡ್ತಿರ್ಲಿಲ್ಲ." ಅವಳ ಕಣ್ಣು ತುಂಬಿತು. "ಋಣ ಇಲ್ಲ ಅಂತಲ್ಲ. ಜನ್ಮ ಪೂರ್ತಿ ಇರ್ತದೆ. ಆದ್ರೆ ಅದಕ್ಕಿಂತ ಮುಂಚೆ... ಆ ಗುಂಡಿ ಮೇಲಿನ ಅರಿಶಿನ ನೀವ್ ಒರೆಸದೆ ಮಡಗಿದ್ರಲ್ಲ, ಅವತ್ತೇ ನಾನು ಸೋತೋದೆ."

"ನೋಡಿದ್ರಾ ಅದನ್ನ? ಇನ್ನೂ ಐತೆ."

ಹಿಂದಿನಿಂದ ಕೆಮ್ಮಿದ ಸದ್ದು. ಈ ಸಲ ಕೆಮ್ಮಿದವನು ಮರಿಸ್ವಾಮಿ. ಸುರೇಂದ್ರ ಥಟ್ಟನೆ ಕೈ ಕಟ್ಟಿಕೊಂಡು ನಿಂತ.

"ಹಾಡಾದ್ರಲ್ಲಿ ಏನೇನೂ ಸಾಲ್ದು ಕಣಪ್ಪ ನೀನು," ಎಂದ ಮರಿಸ್ವಾಮಿ ಗಂಭೀರವಾಗಿ. "ಆದ್ರೆ ಹೆಸ್ರು ಸರಿಯಾಗ್ ಹೇಳ್ದೆ. ನಿಮ್ಮಪ್ಪ ಅವ್ವನ್ನ ಕರ್ಕೊಂಡ್ ಮನೆ ತಾವ ಬಾ."

ಅಷ್ಟು ಹೇಳಿ, ಅಳು ಬರುವ ಮೊದಲೇ ಬಸ್ಸಿನ ಕಡೆ ನಡೆದುಬಿಟ್ಟ. ಅಲ್ಲಿ ಅಜ್ಜಿ ಕಿಟಕಿಯಿಂದ ಕೈ ಬೀಸುತ್ತಿದ್ದಳು. ಪವಿತ್ರ ಆ ಸಂಜೆಗೆ, ಅಜ್ಜಿಯ ಕೆಮ್ಮಿಗೆ, ಬೆಟ್ಟಮ್ಮನ ತುಂಟ ಬಾಯಿಗೆ, ಎಲ್ಲಕ್ಕೂ ಮನಸ್ಸಿನಲ್ಲೇ ಕೈ ಮುಗಿದಳು.

"ಇವತ್ತಿನದನ್ನ ಮಂಜುನಾಥ ರೆಕಾರ್ಡ್ ಮಾಡಿಲ್ಲ," ಎಂದ ಸುರೇಂದ್ರ. "ಒಂದ್ ಸಲ... ನನ್ ಹೆಸ್ರು ಇನ್ನೊಂದ್ ಸಲ ಹೇಳಿ."

ಪವಿತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸಾವಿರ ಜನರ ಮುಂದೆ ಹಾಡಿದ ಬಾಯಿಗೆ ಈಗೆಲ್ಲಿಂದ ಬಂತೋ ಅಷ್ಟೊಂದು ನಾಚಿಕೆ!

"ಊಹೂಂ. ನಮ್ ಕಡೆ ಗಂಡನ ಹೆಸ್ರು ಹೇಳೋ ಹಂಗಿಲ್ಲ."

"ಇನ್ನೂ ಗಂಡ ಆಗಿಲ್ವಲ್ಲ!"

"ಆದಂಗೇ ಬುಡಿ." ಅವಳು ನಗುತ್ತಾ ಅವನ ಹೆಗಲಿನ ಗಿಟಾರನ್ನು ಬೆರಳ ತುದಿಯಿಂದ ಮುಟ್ಟಿದಳು. "ಇನ್ಮೇಲೆ ನನ್ ಬದ್ಲು ಇದೇ ಹೇಳ್ಲಿ."